ಕಣ್ಣೀರ ಸುಳಿಯ ಕುದುರೆ

ಯಾರಾದರೂ ನನ್ನ ಮುಂದೆ ಸುಳಿಯ ಮಾತು ಎತ್ತಿದರೆ ಈಗಲೂ ನನಗೆ ಮೈ ಉರಿಯುತ್ತದೆ. ಅದರಲ್ಲೂ ಕೊಟ್ರಬಸಪ್ಪನ ಕುದುರೆಯ ಸುಳಿ. ಹೊಸಪೇಟೆಯ ಕಟ್ಟೆಗಳ ಮೇಲೆ ಕೂತು ಹೊತ್ತು ಕಳೆಯುವ ಜನಕ್ಕೆ ಆ ಕತೆ ಎಲೆ ಅಡಿಕೆ ಇದ್ದ ಹಾಗೆ, ಬಾಯಿಗೆ ಹಾಕಿಕೊಂಡು ಅಗಿದು ಉಗಿಯುತ್ತಾರೆ. ಅವರಲ್ಲಿ ಒಬ್ಬನೂ ಅವತ್ತು ಅಲ್ಲಿರಲಿಲ್ಲ. ನಾನಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮರುಳಸಿದ್ದಪ್ಪ, ಹೊಸಪೇಟೆಗೆ ಹತ್ತಿಕೊಂಡ ಚಿತ್ತವಾಡ್ಗಿಯ ಶಾಲೆಯಲ್ಲಿ ಮೂವತ್ತೊಂದು ವರ್ಷ ಮಾಸ್ತರಿಕೆ ಮಾಡಿದವನು. ಸಿಟ್ಟು ಮೂಗಿನ ತುದಿಯಲ್ಲಿ ಅಂತ ಊರಿಗೆಲ್ಲ ಗೊತ್ತು, ಮುಚ್ಚಿಡುವುದೇನಿದೆ. ನನ್ನ ಅಜ್ಜ ದನದ ವ್ಯಾಪಾರ ಮಾಡುತ್ತಿದ್ದ. ಎತ್ತು, ಕುದುರೆಗಳ ಮೈಮೇಲಿನ ಕೂದಲ ಸುಳಿ ನೋಡಿ ಅದು ಮನೆಗೆ ಆಗಿಬರುತ್ತದೋ ಇಲ್ಲವೋ ಹೇಳುವ ವಿದ್ಯೆ ಅವನಿಂದ ನನಗೆ ಬಂತು. ಲೆಕ್ಕ, ವ್ಯಾಕರಣ ಕಲಿಸಿದ್ದಕ್ಕೆ ನನ್ನನ್ನು ಯಾರೂ ನೆನೆಸುವುದಿಲ್ಲ. ಸುಳಿ ನೋಡುವ ಮಾಸ್ತರ ಅಂದರೆ ಕಮಲಾಪುರದ ತನಕ ಗುರುತು ಹಿಡಿಯುತ್ತಾರೆ.

ಕೊಟ್ರಬಸಪ್ಪನ ಮನೆ ನಮ್ಮ ಮನೆಯಿಂದ ಎರಡನೆಯದು. ತಾಲ್ಲೂಕಿನ ಹಳ್ಳಿಹಳ್ಳಿಗೆ ಕುದುರೆಯ ಮೇಲೆ ಸರ್ಕೀಟು ಹೋಗಿ, ಮೈಲಿ ಬೇನೆ, ಅಂದರೆ ಸಿಡುಬು, ಬರಬಾರದೆಂದು ಕೂಸುಗಳ ತೋಳಿಗೆ ಚುಚ್ಚಿ ಮದ್ದು ಹಾಕುವ ನೌಕರಿ ಅವನದು. ಕುದುರೆಯ ಗೊರಸಿನ ಸಪ್ಪಳ ಕೇಳಿದರೆ ಸಾಕು, ಹಳ್ಳಿಯ ತಾಯಂದಿರು ಕೂಸುಗಳನ್ನು ಜೋಳ ತುಂಬಿಡುವ ವಾಡೇವಿನೊಳಗೆ ಇಳಿಸಿ ಮೇಲೆ ಗೋಣಿ ಮುಚ್ಚುತ್ತಿದ್ದರು. ಬೇನೆ ತರುವ ದೇವಿ ಅಮ್ಮ ಸಿಟ್ಟಾಗುತ್ತಾಳೆ ಅನ್ನುವ ಅಂಜಿಕೆ. ಇವನು ಗದರುತ್ತಿರಲಿಲ್ಲ. ಊರ ಅಗಸಿ ಬಾಗಿಲ ಕಟ್ಟೆಯ ಮೇಲೆ ಕೂತು, "ಹೋಗ್ಲಿ ಬಿಡ್ರಿ, ಮೊದ್ಲು ನಮ್ಮ ಕುದ್ರಿಗೆ ಹಾಕ್ತೀನಿ, ಅದಕ್ಕ ಏನಾಗ್ತೈತಿ ನೋಡಿ ಆಮ್ಯಾಲ ಬರ್ರಿ" ಎಂದು ಕುದುರೆಯ ಮುಂಗಾಲಿಗೆ ಸೂಜಿ ಮುಟ್ಟಿಸಿದಂತೆ ಮಾಡಿ, ತಾನೇ "ಅಯ್ಯಯ್ಯೋ" ಎಂದು ಒದರುತ್ತಿದ್ದ. ಮಕ್ಕಳು ನಗುತ್ತ ಒಬ್ಬೊಬ್ಬರೇ ಹೊರಗೆ ಬರುತ್ತಿದ್ದರು. ಅಂಥ ನಗಿಸುವ ಮನುಷ್ಯ ಅವನು.

ಸಾವಿರದ ಒಂಬೈನೂರ ಹದಿನೆಂಟನೆಯ ಇಸವಿಯ ಕಾರ್ತಿಕದಲ್ಲಿ ಆ ಹಾಳು ಜ್ವರ ಬಂತು. ಮೈಲಿಯಲ್ಲ, ಬೇರೆ. ಯಾವ ಸೂಜಿಗೂ ಬಗ್ಗದ್ದು. ಒಂಬತ್ತು ದಿನದೊಳಗೆ ಕೊಟ್ರಬಸಪ್ಪನ ಹೆಂಡತಿ ಕೊಟ್ರಮ್ಮ ಮತ್ತು ಇಬ್ಬರು ಗಂಡುಮಕ್ಕಳು ಹೋದರು. ದೊಡ್ಡವನಿಗೆ ಹದಿನಾರು, ಸಣ್ಣವನಿಗೆ ಹನ್ನೊಂದು. ಮೂರು ಸಲ ಅವನ ಜೊತೆ ರುದ್ರಭೂಮಿಗೆ ನಾನೂ ಹೋದೆ. ಮೂರನೆಯ ಸಲ ಗುಂಡಿ ತೋಡಲು ಆಳು ಸಿಗಲಿಲ್ಲ, ಊರಲ್ಲಿ ಎದ್ದು ನಿಲ್ಲುವವರೇ ಇರಲಿಲ್ಲ. ಅವನೂ ನಾನೂ ತೋಡಿದೆವು.

ಅವನು ಅಳಲಿಲ್ಲ. ಓಣಿಯ ಹಿರಿಯ ಹೆಂಗಸರು ಅವನ ಮುಂದೆ ಕೂತು, "ಅತ್ತು ಬಿಡಪ್ಪ, ಎದಿ ಒಡದೀತು" ಎಂದು ತಾವೇ ಅತ್ತರು. ಅವನು "ಅಳ್ತೀನಿ, ತಡೀರಿ" ಎಂದು ಎದ್ದು ಮೆಟ್ಟು ಹುಡುಕಿದ. ಇಪ್ಪತ್ತು ದಿನಕ್ಕೆ ಸರ್ಕೀಟು ಹೊರಟ. ಕುದುರೆಗೆ ಚುಚ್ಚುವ ಆಟ ಮಾತ್ರ ಬಿಟ್ಟ. ಕೂಸುಗಳನ್ನು ತಾಯಂದಿರು ತಂದರೆ ಚುಚ್ಚುತ್ತಿದ್ದ, ತರದಿದ್ದರೆ ಸುಮ್ಮನೆ ಮುಂದಿನ ಊರಿಗೆ ಹೋಗುತ್ತಿದ್ದ.

ಎರಡು ವರ್ಷ ಹೀಗೇ ನಡೆಯಿತು. ಆಮೇಲೆ ಗಾಯದ ಮೇಲೆ ಬರೆ ಎಳೆದ ಹಾಗೆ, ಮರಿಯಮ್ಮನಹಳ್ಳಿಯ ದಾರಿಯಲ್ಲಿ ಯಾರದೋ ಮೋಟಾರು ಎದುರಿಗೆ ಬಂದು ಕುದುರೆ ಬೆದರಿ ಅವನನ್ನು ಕೆಡವಿತು. ಸೊಂಟದ ಎಲುಬು ಮುರಿಯಿತು. ನಾಟಿ ವೈದ್ಯರು ಕಟ್ಟಿದರು, ಕೂಡಿಕೊಂಡಿತು, ಸೊಟ್ಟಗೆ ಕೂಡಿಕೊಂಡಿತು. ಕುದುರೆಯ ಕುಕ್ಕುಲೋಟ ಇನ್ನು ಅವನಿಗೆ ಆಗುವಂತಿರಲಿಲ್ಲ. ಆ ಕುದುರೆಯನ್ನು ಮಾರಿದೆವು. ಅವನು ಪಡಸಾಲೆಯ ಕಂಬಕ್ಕೆ ಒರಗಿ ಎದುರಿನ ಗೋಡೆ ನೋಡುತ್ತ ಎಂಟು ತಿಂಗಳು ಕೂತ.

ಆಗ ಮೇಲಿನವರಿಂದ ಒಂದು ಕಾಗದ ಬಂತು. ದೀಪಾವಳಿ ಕಳೆದ ಮೇಲೆ ಸರ್ಕೀಟಿಗೆ ಹಾಜರಾಗದಿದ್ದರೆ ಅವನ ಜಾಗಕ್ಕೆ ಬೇರೊಬ್ಬರನ್ನು ತೆಗೆದುಕೊಳ್ಳುತ್ತೇವೆ ಅಂತ. ಕೊಟ್ರಬಸಪ್ಪ ಅದನ್ನು ಪಕ್ಕದ ಮನೆಯವರ ಕಾಗದದಂತೆ ನನಗೆ ಓದಿ ಹೇಳಿ, ಜಂತಿಯಲ್ಲಿ ಸಿಕ್ಕಿಸಿ, ಮತ್ತೆ ಗೋಡೆಯ ಕಡೆ ತಿರುಗಿದ.

ಮರುದಿನ ಅವನ ಅಕ್ಕ ಜಂಬಕ್ಕ ನನ್ನ ಶಾಲೆಗೆ ಬಂದಳು.

ಈ ಜಂಬಕ್ಕನ ವಿಷಯ ನಾನು ಮೊದಲೇ ಹೇಳಬೇಕಿತ್ತು. ಹೇಳಲಿಲ್ಲ ನೋಡಿ, ಬರೆಯುವಾಗಲೂ ಅದೇ ತಪ್ಪು ಮಾಡಿದೆ. ಏಳು ವರ್ಷಕ್ಕೆ ಮದುವೆಯಾಗಿ ಒಂಬತ್ತಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ತಮ್ಮನಿಗಿಂತ ಐದು ವರ್ಷ ದೊಡ್ಡವಳು. ತಾಯಿ ಬೇಗ ಸತ್ತಿದ್ದರಿಂದ ಅವನನ್ನು ಎತ್ತಿ ಆಡಿಸಿದವಳೂ ಅವಳೇ, ಅವನ ಮದುವೆಯಲ್ಲಿ ಅಕ್ಕಿ ಕುಟ್ಟಿದವಳೂ ಅವಳೇ, ಅವನ ಮಕ್ಕಳಿಗೆ ಎರೆದವಳೂ ಅವಳೇ. ಅವಳು ತಟ್ಟಿದ ಜೋಳದ ರೊಟ್ಟಿ ನಾನು ಎಷ್ಟು ತಿಂದಿದ್ದೇನೋ ಶಿವನಿಗೇ ಗೊತ್ತು. ಆ ಮನೆಯಲ್ಲಿ ಎಷ್ಟು ಜನ ಅಂತ ಯಾರಾದರೂ ಕೇಳಿದ್ದರೆ ಹದಿನೆಂಟರ ಮೊದಲು ನಾಲ್ಕು ಅನ್ನುತ್ತಿದ್ದೆ, ಆಮೇಲೆ ಒಂದು ಅನ್ನುತ್ತಿದ್ದೆ. ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆಯನ್ನು ಮಕ್ಕಳಿಂದ ಸಾವಿರ ಸಲ ಬರೆಸಿದ ಮಾಸ್ತರ ನಾನು.

ಬಾವಿ ಬಿಟ್ಟು ಆಚೆ ಹೋಗದ ಹೆಂಗಸು ಅಂದು ಶಾಲೆಯ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲೊಂದು ಹಗ್ಗದ ಸುರುಳಿ.

"ಮಾಸ್ತರ, ಅವಗೊಂದು ಕುದ್ರಿ ಕೊಡಸ್ರಿ" ಎಂದಳು.

"ಕುದ್ರಿ ಏರಿದ್ರ ಆ ಸೊಂಟ ಎಲ್ಲುಳೀತೈತಿ ಜಂಬಕ್ಕ?"

"ರವಾಲ್ ಚಾಲಿನ ಕುದ್ರಿ ಇರ್ತಾವಲ್ರಿ. ತುಂಬಿದ ಚಂಬು ಹಿಡ್ಕೊಂಡು ಕುಂತ್ರೂ ನೀರು ತುಳುಕೂದಿಲ್ಲಂತ. ಅಂಥಾದು ಹುಡುಕ್ರಿ. ಮನ್ಯಾಗ ಕುಂತ್ರ ಅಂವ ಕಲ್ಲಾಗ್ತಾನ್ರಿ. ಈಗಾಗ್ಲೇ ಅರ್ಧ ಆಗ್ಯಾನ. ಹೊರಗ ಹೋಗಿ ನಾಕು ಕೂಸು ಅಳೂದರ ಕೇಳಲಿ."

ರವಾಲ್ ಚಾಲು ಅಂದರೆ ಒಂದು ಪಕ್ಕದ ಮುಂಗಾಲು ಹಿಂಗಾಲು ಎರಡನ್ನೂ ಒಟ್ಟಿಗೆ ಎತ್ತಿಡುವ ನಡಿಗೆ. ಸವಾರ ಮೇಲೆ ಕೆಳಗೆ ಕುಕ್ಕುವುದಿಲ್ಲ, ತೊಟ್ಟಿಲಲ್ಲಿ ಕೂತಂತೆ ಹೋಗುತ್ತಾನೆ. ಅಂಥ ಕುದುರೆ ನಮ್ಮ ಕಡೆ ಅಪರೂಪ. ಇದೆಲ್ಲ ಇವಳಿಗೆ ಹೇಗೆ ಗೊತ್ತಾಯಿತು ಎಂದು ಬೆರಗಾದೆ. ತಮ್ಮನ ಕುದುರೆಗೆ ಇಪ್ಪತ್ತು ವರ್ಷ ಹುರುಳಿ ಬೇಯಿಸಿ ಹಾಕಿದವಳಿಗೆ ಯಾಕೆ ಗೊತ್ತಿರಬಾರದು ಎಂದು ಆಗ ನನಗೆ ಹೊಳೆಯಲಿಲ್ಲ.

"ಸುಳಿ ಮಾತ್ರ ಚಂದಾಗಿ ನೋಡ್ರಿ" ಎಂದಳು. "ಕಣ್ಣೀರ ಸುಳಿ ಇರೂದು ಬ್ಯಾಡ. ಈ ಮನಿ ಇನ್ನೊಂದು ತಡಿಯೂದಿಲ್ಲ."

ಕಣ್ಣೀರ ಸುಳಿ ಅಂದರೆ ಕುದುರೆಯ ಕಣ್ಣಿನ ಕೆಳಗೆ, ನೀರು ಇಳಿಯುವ ಜಾಗದಲ್ಲೇ ಇರುವ ಸುಳಿ. ಅದಿರುವ ಕುದುರೆಯನ್ನು ಕಟ್ಟಿದವನು ತನ್ನವರನ್ನು ಕಳೆದುಕೊಂಡು ಅಳುತ್ತಾನೆ ಎಂಬ ನಂಬಿಕೆ. ಸುಳಿಗಳಲ್ಲೆಲ್ಲ ಕೆಟ್ಟದ್ದು ಅದು. ನಾನಿರುವಾಗ ಅದೆಲ್ಲಿ ಬರುತ್ತದೆ ಎಂದು ಧೈರ್ಯ ಹೇಳಿದೆ. ಅವಳು ಹಗ್ಗದ ಸುರುಳಿಯನ್ನು ಕೈಗಿಟ್ಟಳು. ತನ್ನ ಹಳೆಯ ಹಸಿರು ಸೀರೆ ಹರಿದು, ನಡುವೆ ನೂಲು ಸೇರಿಸಿ ಹೊಸೆದಿದ್ದಳು. ಮಾರಿದವರು ತಮ್ಮ ಹಗ್ಗ ಕೊಡುವುದಿಲ್ಲ, ಕೊಟ್ಟರೆ ಅವರ ಕೊಟ್ಟಿಗೆಯ ಲಕ್ಷ್ಮಿ ಹೋಗುತ್ತಾಳೆ. ಕೊಳ್ಳುವವರೇ ಹಗ್ಗ ಒಯ್ಯಬೇಕು.

ಮೊದಲು ಕಂಪ್ಲಿಗೆ ಹೋದೆವು. ಬಂಡಿಯಲ್ಲಿ ಹುಲ್ಲು ಹಾಸಿ ಕೊಟ್ರಬಸಪ್ಪನನ್ನು ಮಲಗಿಸಿಕೊಂಡು ಹೋದದ್ದು. ಹೊಳೆಯ ದಂಡೆಯಲ್ಲಿ ಓಬಳೇಶ ಎಂಬವನು ಕುದುರೆ, ತಟ್ಟುಗಳನ್ನು ಕಟ್ಟಿ ಮಾರುತ್ತಿದ್ದ. ಅವನ ಹತ್ತಿರ ಒಂದು ಬೂದು ಬಣ್ಣದ ಕುದುರೆ ಇತ್ತು. ಆಹಾ, ಏನು ಸಾಧು! ಕಿವಿ ಹಿಡಿದು ತಿರುವಿದರೂ ಅಲುಗದು. ನಾನು ಹಣೆ, ಕತ್ತು, ಎದೆ, ಬೆನ್ನು ಎಲ್ಲ ನೋಡಿದೆ. ಕತ್ತಿನಲ್ಲಿ ದೇವಮಣಿಯ ಸುಳಿ, ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ನಾನು ಗೆದ್ದೆ ಅಂದುಕೊಂಡೆ. ಬುತ್ತಿ ಉಂಡು ಬಂದು ಮಾತು ಮುಗಿಸೋಣ ಎಂದು ಹೊಳೆಗೆ ಹೋದೆವು.

ಉಂಡು ಬರುವ ಹೊತ್ತಿಗೆ ಆ ಸಾಧು ಗೂಟ ಕಿತ್ತುಕೊಂಡು ಎರಡು ಕಾಲ ಮೇಲೆ ನಿಂತಿತ್ತು. ನನ್ನ ರುಮಾಲು ಕಚ್ಚಿ ಎಸೆಯಿತು.

"ಹಸ್ತೈತ್ರಿ ಪಾಪ" ಎಂದ ಓಬಳೇಶ.

"ಹಸ್ತಿಲ್ಲಲೇ, ನೀ ಹಾಕಿದ ಭಂಗಿ ಸೊಪ್ಪಿನ ಅಮಲು ಇಳದೈತಿ! ನನ್ನ ಮುಂದ ಆಟ ಹೂಡ್ತೀಯಾ? ಮುರಕೊಂಡ ಸೊಂಟದ ಮನುಷ್ಯಾಗ ಇದನ್ನ ಕಟ್ಟಾಕ ಹೊಂಟಿದ್ಯಲ್ಲ, ನಿನಗೇನರ ಕರುಳು ಐತೇನು?" ಹೊಳೆಯ ಆಚೆ ದಡಕ್ಕೆ ಕೇಳುವಂತೆ ಬೈದೆ. ಓಬಳೇಶ ನಾಚದೆ ಹಲ್ಲು ಕಿರಿದ.

ಕೊಟ್ರಬಸಪ್ಪ ಬಂಡಿಯ ಗಾಲಿಗೆ ಒರಗಿ ನಿಂತಿದ್ದವನು, "ಇದನ್ನ ತಗೊಂಡು ಬಿಡೂಣು ಬಿಡ್ರಿ ಮಾಸ್ತರ. ಮತ್ತ ಯಾಕ ತಿರುಗಾಡೂದು" ಎಂದ.

"ಕೆಡವಿದ್ರ ಏನ್ ಮಾಡ್ತೀಯೋ?"

"ಕೆಡವಿದ್ರ ಕೆಡವ್ತೈತಿ."

ನನಗೆ ಅವನ ಕೆನ್ನೆಗೆ ಹೊಡೆಯುವಷ್ಟು ಸಿಟ್ಟು ಬಂತು. ಬಂಡಿಯಲ್ಲಿ ಕೂರಿಸಿಕೊಂಡು ವಾಪಸು ತಂದೆ. ಹಂಪಿಯ ಬಂಡೆಗಳ ನಡುವೆ ಬರುವಾಗ ದಾರಿಯುದ್ದಕ್ಕೂ ನಾನೊಬ್ಬನೇ ಮಾತಾಡಿದೆ. ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ ಅವನು ಕೇಳಿಸಿಕೊಂಡ.

ದೀಪಾವಳಿಗೆ ಹನ್ನೆರಡು ದಿನ ಉಳಿದಿತ್ತು. ಸಂಡೂರಿನಲ್ಲಿ ಹಳೆಯ ಕಾಲಕ್ಕೆ ದಂಡಿನಲ್ಲಿ ಕುದುರೆ ಏರಿದ ಮರಾಠರ ಮನೆಗಳಿವೆ, ಅಲ್ಲಿ ಗಂಗಾಬಾಯಿ ಎಂಬವಳ ಹತ್ತಿರ ರವಾಲ್ ಚಾಲಿನ ಒಂದು ಹೆಣ್ಣು ಕುದುರೆ ಇದೆ ಎಂದು ಯಾರೋ ಹೇಳಿದರು. ಮತ್ತೆ ಬಂಡಿ ಕಟ್ಟಿದೆವು. ಕಣಿವೆಯ ಕೆಂಪು ಧೂಳು ಕುಡಿಯುತ್ತ ಸಂಡೂರು ಮುಟ್ಟಿದಾಗ ನನ್ನ ಬಿಳಿ ಮೀಸೆ ಇಟ್ಟಂಗಿಯ ಬಣ್ಣ ಆಗಿತ್ತು.

ಗಂಗಾಬಾಯಿ ಐವತ್ತರ ಹೆಂಗಸು, ಹಣೆ ಬರಿದು. ಅವಳ ಗಂಡ ಕುದುರೆ ಪಳಗಿಸುವವನಾಗಿದ್ದ. ಅಂಗಳದ ಬೇವಿನ ಕೆಳಗೆ ನಿಂತಿದ್ದ ಕುದುರೆ ಎತ್ತರವೇನಿಲ್ಲ, ಕಪ್ಪು ಬೆರೆತ ಕಂದು ಬಣ್ಣ, ಹೆಸರು ಸಾವಳಿ. ಅಪರಿಚಿತರನ್ನು ಕಂಡು ಕಿವಿ ಹಿಂದೆ ಹಾಕಲಿಲ್ಲ. ಕೊಟ್ರಬಸಪ್ಪನ ಹತ್ತಿರ ತಾನೇ ಬಂದು ಅವನ ಹೆಗಲನ್ನು ಮೂಸಿತು.

"ಮೊದ್ಲು ಏರಿ ನೋಡ್ರಿ, ಆಮ್ಯಾಲ ಮಾತು" ಎಂದು ಗಂಗಾಬಾಯಿ ಜೀನು ಬಿಗಿದಳು. ಒಳಗಿನಿಂದ ಒಂದು ಹಿತ್ತಾಳೆ ಚಂಬಿನಲ್ಲಿ ಕಂಠಮಟ ನೀರು ತಂದು, ಏರಿ ಕೂತ ಕೊಟ್ರಬಸಪ್ಪನ ಕೈಗೆ ಕೊಟ್ಟಳು. ಎಂಟು ತಿಂಗಳಾದ ಮೇಲೆ ಅವನು ಕುದುರೆ ಏರಿದ್ದು. ಏರುವಾಗ ನೋವಿಗೆ ಅವನ ಮುಖ ಬೆವೆತಿತ್ತು. ಸಾವಳಿ ಹೊರಟಿತು. ಓಣಿಯ ತುದಿಯ ತನಕ ಹೋಗಿ, ತಿರುಗಿ, ಸ್ವಲ್ಪ ಬಿರುಸಾಗಿ ಬಂತು. ಸವಾರನ ತಲೆ ಏರಲೂ ಇಲ್ಲ, ಇಳಿಯಲೂ ಇಲ್ಲ. ಇಳಿದವನು ಚಂಬನ್ನು ಹಿಂದಕ್ಕೆ ಕೊಟ್ಟ. ಅವನ ಅಂಗೈ ಒಣಗಿಯೇ ಇತ್ತು.

"ಸೊಂಟ?" ಎಂದೆ.

"ಏನೂ ಆಗ್ಲಿಲ್ರಿ" ಎಂದ.

ನಾನು ಸುಳಿ ನೋಡಲು ಮುಂದೆ ಹೋದೆ. ಗಂಗಾಬಾಯಿ ಅಡ್ಡ ಬಂದಳು. "ನೀವು ಹುಡುಕೂದು ಬ್ಯಾಡ ಅಣ್ಣಾ. ನಾನ ತೋರಸ್ತೀನಿ." ಕುದುರೆಯ ಮುಖ ತಿರುಗಿಸಿ ಎಡಗಣ್ಣಿನ ಕೆಳಗಿನ ಕೂದಲು ಬಿಡಿಸಿದಳು. ಒಂದು ಸುಳಿ, ಕಾಳುಮೆಣಸಿನಷ್ಟು. "ಕಣ್ಣೀರ ಸುಳಿ. ಇದು ಹುಟ್ಟಿದ ವರ್ಷ ನಮ್ಮ ಮಾಮಾ ಹೋದ್ರು, ಮರುವರ್ಷ ನನ್ನ ಗಂಡ. ಮುಚ್ಚಿ ಮಾರಿದ್ರ ನಿಮ್ಮ ಮನಿ ಅಳು ನನಗ ತಟ್ಟತೈತಿ. ಅದಕ್ಕ ಮೂರು ವರ್ಷದಿಂದ ಯಾರೂ ಒಯ್ಯವಲ್ರು. ಕುರಿ ದರಕ್ಕ ಕೊಡ್ತೀನಿ ಅಂದ್ರೂ ಒಯ್ಯವಲ್ರು."

ನಾನು ಎರಡು ಹೆಜ್ಜೆ ಹಿಂದೆ ಸರಿದೆ. "ನಡಿಯೋ ಕೊಟ್ರಬಸಪ್ಪ, ಬ್ಯಾಡ ಇದು."

ಅವನು ಅಲುಗಲಿಲ್ಲ. ಕುದುರೆಯ ಕತ್ತಿನ ಮೇಲೆ ಕೈಯಿಟ್ಟು ನಿಂತಿದ್ದ. "ಇದರ ಸುಳಿ ಏನ್ ಮಾಡ್ತೈತ್ರಿ ಮಾಸ್ತರ?"

"ಗೊತ್ತಿಲ್ಲೇನು ನಿನಗ? ಕಟ್ಟಿದವನ ಕಡಿಯೋರನ್ನ ಒಯ್ತೈತಿ, ಅವನ್ನ ಅಳಸ್ತೈತಿ."

"ನನ್ನ ಕಡಿಯೋರು ಯಾರದಾರ್ರಿ?" ಎಂದ. ದನಿಯಲ್ಲಿ ದುಃಖವೇನೂ ಇರಲಿಲ್ಲ. ಮಳೆ ಆಯಿತೇನು, ಇಲ್ಲ, ಅನ್ನುವ ಹಾಗೆ. "ಇದರ ಕೆಲಸ ಮೊದ್ಲ ಮುಗದೈತಿ. ನನಗ ಯಾರೂ ಇಲ್ಲ. ಇನ್ನ ಯಾರನ್ನ ಒಯ್ತೈತಿ ಇದು?"

ನಿಜ ಹೇಳುತ್ತೇನೆ, ಅವನ ಮಾತು ಸರಿ ಅನ್ನಿಸಿತು. ಯಾರೂ ಇಲ್ಲದವನಿಗೆ ಯಾವ ಸುಳಿ? ಮುಖ ತಿರುಗಿಸಿಕೊಂಡೆ. ಕೈಯಲ್ಲಿ ಹಸಿರು ಸೀರೆಯ ಹಗ್ಗ ಹಿಡಿದು ನಿಂತಿದ್ದೆ, ಹಿಡಿದೇ ನಿಂತಿದ್ದೆ, ಆದರೂ ನನಗೆ ನೆನಪಾಗಲಿಲ್ಲ.

ಗಂಗಾಬಾಯಿ ತನ್ನ ಹಗ್ಗ ಬಿಚ್ಚಿಕೊಂಡಳು. ನಮ್ಮದನ್ನು ತೆಗೆದುಕೊಂಡು ಬೆರಳಲ್ಲಿ ಹೊಸೆದು ನೋಡಿದಳು. "ಸೀರಿ ಹಗ್ಗ. ಯಾರು ಹೊಸದಾರ್ರಿ?"

"ನಮ್ಮ ಅಕ್ಕ" ಎಂದ ಕೊಟ್ರಬಸಪ್ಪ.

ಅವಳು ಅವನನ್ನು ನೋಡಿದಳು. ನನ್ನನ್ನೂ ನೋಡಿದಳು. ಕುದುರೆಯ ಕತ್ತಿಗೆ ಹಗ್ಗ ಹಾಕಿ, ಅದರ ಹಣೆಗೆ ಹಣೆ ತಾಗಿಸಿ ಒಳಗೆ ಹೋಗಿಬಿಟ್ಟಳು. ಕುದುರೆ ಮಾರಿದ ಸಂಕಟ ಇರಬೇಕು ಅಂದುಕೊಂಡೆ. ಮೂವತ್ತೊಂದು ವರ್ಷ ಮಕ್ಕಳಿಗೆ ದಡ್ಡ, ಹೆಡ್ಡ ಎಂದು ಬೈದ ಬಾಯಿ ನನ್ನದು.

ಮರುದಿನ ಸಂಜೆಗೆ ಚಿತ್ತವಾಡ್ಗಿ ಮುಟ್ಟಿದೆವು. ಅವನು ಕುದುರೆಯ ಮೇಲೆ, ನಾನು ಹಿಂದೆ ಬಂಡಿಯಲ್ಲಿ. ಓಣಿಯ ಜನ ಹೊರಗೆ ಬಂದರು. ಬಾಗಿಲಲ್ಲಿ ಜಂಬಕ್ಕ ಒಂದು ಕೊಡ ನೀರು, ಆರತಿ ತಟ್ಟೆ ಎಲ್ಲ ಸಜ್ಜು ಮಾಡಿಟ್ಟಿದ್ದಳು. ತಾನು ಆರತಿ ಎತ್ತಬಾರದೆಂದು ಎದುರು ಮನೆಯ ಉಚ್ಚೆಂಗಮ್ಮನನ್ನು ಕರೆಸಿದ್ದಳು. ಉಚ್ಚೆಂಗಮ್ಮ ಗೊರಸಿಗೆ ನೀರು ಹಾಕಿ, ಹಣೆಗೆ ಕುಂಕುಮ ಹಚ್ಚಿ, ಆರತಿ ಬೆಳಗಿದಳು. ಅಷ್ಟು ಹೊತ್ತೂ ಜಂಬಕ್ಕ ಬಾಗಿಲ ಹಿಂದೆ ನಿಂತಿದ್ದಳು. ಕೊಟ್ರಬಸಪ್ಪ ನೋವಿಲ್ಲದೆ ಇಳಿದದ್ದನ್ನು ಕಂಡು ಅವಳ ಮುಖ ಅರಳಿತು. ಆ ಮುಖ ಅರಳಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆರತಿ ಮುಗಿದ ಮೇಲೆ ಅವಳು ಹೊರಗೆ ಬಂದು ಸೆರಗಿನಿಂದ ಕುದುರೆಯ ಮುಖದ ಧೂಳು ಒರೆಸಿದಳು. ಬಲಗಣ್ಣು ಒರೆಸಿದಳು. ಎಡಗಣ್ಣು ಒರೆಸುವಾಗ ಕೈ ನಿಂತಿತು.

"ಮಾಸ್ತರ" ಎಂದಳು. "ಇದು ಕಣ್ಣೀರ ಸುಳಿ ಅಲ್ಲೇನ್ರಿ?"

ಕೊಟ್ರಬಸಪ್ಪನೇ ಹೇಳಿದ: "ಮಾಸ್ತರ ಬ್ಯಾಡಂದ್ರು ಅಕ್ಕಾ, ನಾನ ತಂದೆ. ಚಾಲು ಚಲೋ ಐತಿ, ಸೊಂಟ ನೋಯೂದಿಲ್ಲ. ಸುಳಿ ಇದ್ರ ಇರ್ಲಿ, ಅದು ಒಯ್ಯಾಕ ನಮ್ಮನ್ಯಾಗ ಇನ್ನ ಯಾರದಾರ?"

ಉಚ್ಚೆಂಗಮ್ಮನ ಕೈಯ ಆರತಿ ತಟ್ಟೆ ಅಲ್ಲೇ ನಿಂತಿತು. ಆಗ, ಆಗ ನನಗೆ ಗೊತ್ತಾಯಿತು. ಗಂಗಾಬಾಯಿ ಯಾಕೆ ಹಾಗೆ ನೋಡಿದಳು ಅನ್ನುವುದೂ ತಿಳಿಯಿತು. ನಿಂತ ನೆಲ ಬಾಯಿ ತೆರೆದು ನುಂಗಬಾರದೇ ಅನ್ನಿಸಿತು. ನನಗೆ ಅಷ್ಟು ನಾಚಿಕೆ ಹಿಂದೆ ಆಗಿರಲಿಲ್ಲ, ಮುಂದೆಯೂ ಆಗಿಲ್ಲ.

ಜಂಬಕ್ಕ ಅಳಲಿಲ್ಲ, ಕೂಗಲಿಲ್ಲ. ಕುದುರೆಯ ಮುಖ ಒರೆಸುವುದನ್ನು ಪೂರ್ತಿ ಮಾಡಿದಳು. ಆಮೇಲೆ ಹೇಳಿದಳು, ಮೆಲ್ಲಗೆ:

"ಹೌದಪ್ಪ, ಯಾರದಾರ. ನನ್ನ ಗಂಡ ಸತ್ತಾಗ ನೀ ನಾಕು ವರ್ಷದಾಂವ. ಆಮ್ಯಾಲ ದೊಡ್ಡಾಕಿ ಆದಾಗ ಉಡಿಕಿ ಮಾಡ್ತೀವಿ, ಇನ್ನೊಂದು ಮನಿ ನೋಡ್ತೀವಿ ಅಂತ ಅಪ್ಪ ಅಂದ. ತಮ್ಮನ್ನ ಯಾರು ನೋಡ್ತಾರ ಅಂತ ನಾನ ಒಲ್ಲೆ ಅಂದೆ. ಅದನ್ನ ಎತ್ತಿ ಆಡೂದಿಲ್ಲ, ಹೋಗ್ಲಿ. ನಾ ಸಾಯಾಕ ಅಂಜೂದಿಲ್ಲೋ ತಮ್ಮಾ. ಸತ್ರ ನಿನಗ ಗೊತ್ತಾಕ್ಕೈತೋ ಇಲ್ಲೋ ಅಂತ ಅಂಜ್ತೀನಿ."

ಇಷ್ಟು ಹೇಳಿ ಹಗ್ಗ ಹಿಡಿದು ಕುದುರೆಯನ್ನು ಕೊಟ್ಟಿಗೆಗೆ ಒಯ್ದು ಕಟ್ಟಿದಳು. ಬೇಯಿಸಿಟ್ಟ ಹುರುಳಿ ಅದರ ಮುಂದಿಟ್ಟಳು. ಒಳಗೆ ಹೋಗಿ ಒಲೆ ಹೊತ್ತಿಸಿದಳು. ರೊಟ್ಟಿ ಬಡಿಯುವ ಸಪ್ಪಳ ಹೊರಗೆ ಕೇಳಿಸತೊಡಗಿತು, ದಿನದಂತೆ.

ಕೊಟ್ರಬಸಪ್ಪ ಅಂಗಳದಲ್ಲೇ ನಿಂತಿದ್ದ. ಈಗ ಅಳುತ್ತಾನೆ, ಈಗ ಒಡೆಯುತ್ತದೆ ಎಂದು ನಾನು ಕಾದೆ. ಅವನು ಅಳಲಿಲ್ಲ. ಎಲ್ಲಿಯೋ ಇಟ್ಟು ಮರೆತದ್ದನ್ನು ಹುಡುಕುವವನ ಹಾಗೆ ನಿಂತಿದ್ದ. ಆಮೇಲೆ ಒಳಗೆ ಹೋದ. ನಾನೂ ಹಿಂದೆ ಹೋದೆ, ಯಾಕೋ ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ಜಂಬಕ್ಕ ನಮ್ಮಿಬ್ಬರಿಗೂ ಗಂಗಾಳ ಇಟ್ಟು, ರೊಟ್ಟಿ, ಹೆಸರುಕಾಳಿನ ಪಲ್ಯ ಬಡಿಸಿದಳು. ಅವನು ರೊಟ್ಟಿ ಮುರಿದು ಕೈಯಲ್ಲೇ ಹಿಡಿದುಕೊಂಡು ಕೂತ.

"ಅಕ್ಕಾ" ಎಂದ. "ನೀ ಉಂಡ್ಯಾ?"

ಜಂಬಕ್ಕ ಹಂಚಿನ ಮೇಲಿನ ರೊಟ್ಟಿ ತಿರುವುವುದನ್ನು ಮರೆತಳು. ಅದು ಸೀದು ಹೊಗೆ ಎದ್ದಿತು. ನಲವತ್ತೊಂದು ವರ್ಷದಲ್ಲಿ ಆ ಮನೆಯಲ್ಲಿ ಆ ಮಾತನ್ನು ಅವಳಿಗೆ ಯಾರೂ ಕೇಳಿರಲಿಲ್ಲ. "ಇಲ್ಲಪ್ಪ, ಆಮ್ಯಾಲ ಉಣ್ತೀನಿ" ಎಂದಳು. "ಈಗ ಕುಂದ್ರು" ಎಂದು ಅವನು ತನ್ನ ಗಂಗಾಳ ಸ್ವಲ್ಪ ಸರಿಸಿದ. ಅವಳು ಕೂರಲಿಲ್ಲ, ಹೆಂಗಸರು ಗಂಡಸರ ಜೊತೆ ಕೂತು ಉಣ್ಣುವ ಕಾಲವೇ ಅದು? ಆದರೆ ಅವನೂ ಬಾಯಿಗೆ ತುತ್ತು ಇಡಲಿಲ್ಲ. ಹೀಗೇ ಎಷ್ಟೋ ಹೊತ್ತಾದ ಮೇಲೆ ಅವಳು ಒಲೆಯ ಪಕ್ಕದಲ್ಲೇ, ಅವನ ಕಡೆ ಅರ್ಧ ಬೆನ್ನು ಮಾಡಿ, ಸೀದ ರೊಟ್ಟಿ ಕೈಯಲ್ಲಿ ಹಿಡಿದು ತಿನ್ನತೊಡಗಿದಳು. ಆಗ ಅವನು ಉಂಡ.

ಮರುದಿನ ಬೆಳಿಗ್ಗೆ ನಾನೇ ಹೋಗಿ, "ಕುದ್ರಿ ವಾಪಸ್ ಕೊಟ್ಟು ಬರ್ತೀನಿ ಜಂಬಕ್ಕ, ತಪ್ಪು ನಂದು" ಎಂದೆ. ಅವಳು ಸಾವಳಿಗೆ ನೀರು ಕುಡಿಸುತ್ತಿದ್ದಳು. "ಬ್ಯಾಡ ಬಿಡ್ರಿ" ಎಂದಳು. "ಬಾಯಿಲ್ಲದ ಪ್ರಾಣಿ, ಇದರದೇನು ತಪ್ಪು? ಅಂವ ಹೊರಗ ಹೋದ್ರ ಸಾಕು."

ದೀಪಾವಳಿ ಕಳೆದ ನಾಲ್ಕನೆಯ ದಿನ ಅವನು ಸರ್ಕೀಟು ಹೊರಟ. ನೌಕರಿ ಉಳಿಯಿತು. ಹನ್ನೆರಡು ವರ್ಷ ಆ ಕುದುರೆಯ ಮೇಲೆ ಕಂಪ್ಲಿ, ಕಮಲಾಪುರ, ಮರಿಯಮ್ಮನಹಳ್ಳಿ ಸುತ್ತಿದ. ಮನುಷ್ಯ ಮೊದಲಿನಂತೆ ಆದ ಎಂದು ನಾನು ಸುಳ್ಳು ಹೇಳುವುದಿಲ್ಲ. ನಗಿಸುವ ಕೊಟ್ರಬಸಪ್ಪ ಮತ್ತೆ ಬರಲಿಲ್ಲ. ಮಾತು ಕಡಿಮೆ, ಮುಖ ಮರದ ಹಲಗೆ. ಆದರೆ ಪ್ರತಿ ಸಲ ಊರಿಗೆ ಬಂದಾಗ ಓಣಿಯ ತಿರುವಿನಲ್ಲೇ "ಅಕ್ಕಾ" ಎಂದು ಒಂದು ಕೂಗು ಹಾಕುತ್ತಿದ್ದ. ಒಳಗಿನಿಂದ "ಅದೀನೋ" ಎಂದು ಉತ್ತರ ಬರುವ ತನಕ ಕುದುರೆ ಇಳಿಯುತ್ತಿರಲಿಲ್ಲ. ಊಟಕ್ಕೆ ಕೂತಾಗ "ಉಂಡ್ಯಾ" ಎಂದು ಕೇಳುತ್ತಿದ್ದ. ಅದು ಪ್ರೀತಿಯೋ ಪಾಠ ಒಪ್ಪಿಸಿದ್ದೋ ನನಗೆ ಬಹಳ ದಿನ ಗೊತ್ತಾಗಲಿಲ್ಲ. ದನಿಯಲ್ಲಿ ಏನೂ ಇರುತ್ತಿರಲಿಲ್ಲ.

ಮೂವತ್ತಮೂರನೆಯ ಇಸವಿಯ ಮಾಘದಲ್ಲಿ ಜಂಬಕ್ಕ ಹಾಸಿಗೆ ಹಿಡಿದಳು. ವಯಸ್ಸು ಅರವತ್ತೆರಡು, ಎದೆಯಲ್ಲಿ ಕಫ. ಕೊಟ್ರಬಸಪ್ಪ ಸರ್ಕೀಟಿನ ನಡುವೆ ಕಂಪ್ಲಿಯಲ್ಲಿದ್ದವನು ಯಾರೂ ಹೇಳಿ ಕಳಿಸದೆ ವಾಪಸು ಬಂದ. ಹೊರಡುವಾಗ ಅಕ್ಕನ "ಅದೀನೋ" ಸಣ್ಣಗಿತ್ತು, ಅದಕ್ಕೇ ಬಂದೆ ಎಂದ. ಐದು ದಿನ ಅವಳ ಪಕ್ಕ ಬಿಟ್ಟು ಏಳಲಿಲ್ಲ. ಗಂಜಿ ಕುಡಿಸಿದ, ತಲೆ ಬಾಚಿದ. ಹೆಂಗಸರು ನಾವು ಮಾಡ್ತೀವಿ ಬಿಡ್ರಿ ಅಂದರೂ ಬಿಡಲಿಲ್ಲ.

ಆರನೆಯ ದಿನ ಬೆಳಿಗ್ಗೆ ನಾನು ಬಾವಿಕಟ್ಟೆಯಲ್ಲಿ ಮುಖ ತೊಳೆಯುತ್ತಿದ್ದೆ. ಅವನು ಸೊಟ್ಟ ಕಾಲು ಎಳೆಯುತ್ತ ಬಂದು ನನ್ನ ಮುಂದೆ ನಿಂತ. ಹದಿನೈದು ವರ್ಷದಿಂದ ಒಣಗಿದ್ದ ಆ ಮುಖದ ಮೇಲೆ ಎರಡೂ ಕಣ್ಣಿನಿಂದ ನೀರು ಇಳಿದು ಮೀಸೆಯಲ್ಲಿ ಸೇರುತ್ತಿತ್ತು. ಒರೆಸಿಕೊಳ್ಳಬೇಕೆಂದೂ ಅವನಿಗೆ ತಿಳಿದಂತೆ ಕಾಣಲಿಲ್ಲ.

ನೋಡಿದಿರಾ, ಕಡೆಗೂ ಸುಳಿ ಕೆಲಸ ಮಾಡಿತು ಅಂತ ಊರು ಹೇಳುವುದು ಇದಕ್ಕೇ. ಹನ್ನೆರಡು ವರ್ಷ ಬೇಕಾಯಿತೇನ್ರಪ್ಪ ಅದಕ್ಕೆ? ಯಾರ ಮನೆಯ ಯಾವ ಕುದುರೆ ಕಟ್ಟಿದರೂ ಹನ್ನೆರಡು ವರ್ಷದಲ್ಲಿ ಒಂದು ಸಾವು ಆಗುವುದಿಲ್ಲವೇ? ಅಂದಿನಿಂದ ನಾನು ಯಾರ ದನದ ಸುಳಿಯನ್ನೂ ನೋಡಿಲ್ಲ. ಕೇಳಿಕೊಂಡು ಬಂದವರನ್ನು ಬೈದು ಕಳಿಸುತ್ತೇನೆ.

ಆ ಬೆಳಿಗ್ಗೆ ನಾನು ಕೈಯಲ್ಲಿದ್ದ ಚಂಬು ಕೆಳಗಿಟ್ಟೆ.

"ಅಕ್ಕ ಹೋದ್ಲು ಮಾಸ್ತರ" ಎಂದ ಕೊಟ್ರಬಸಪ್ಪ. "ಈಗ, ಹೊತ್ತು ಏರೂ ಮುಂದ. ಕೈ ಹಿಡ್ಕೊಂಡು ಕುಂತಿದ್ದೆ. ನನಗ ಗೊತ್ತಾತ್ರಿ."